ಎಷ್ಟು ಮಂದಿಯಾದರೆ ಊರು?

ಕಳೆದ ಮಳೆಗಾಲದ ಕೊನೆಯಲ್ಲಿ ನಮ್ಮ ಕಾರ್ಯಾಲಯಕ್ಕೆ ಒಂದು ಅಂಚೆ ಕಾರ್ಡು ಬಂದಿತು. ಬರೆದವರು ನಮ್ಮ ಬಹುಕಾಲದ ಚಂದಾದಾರರು. ಪ್ರಾಥಮಿಕ ಶಾಲೆಯ ಉಪಾಧ್ಯಾಯರಾಗಿದ್ದು, ನಿವೃತ್ತರಾದ ಮೇಲೆ ಸ್ವಗ್ರಾಮದಲ್ಲಿಯೇ ನೆಲಸಿ ಎರಡೆಕರೆ ಹೊಲವನ್ನು ನೋಡಿಕೊಂಡಿರತಕ್ಕವರು. ಊರಿನ ಹೆಸರನ್ನಾಗಲಿ ತಮ್ಮ ಹೆಸರನ್ನಾಗಲಿ ಪ್ರಕಟಿಸಬಾರದೆಂದು ಅವರು ಕೋರಿರುವುದರಿಂದ ನಾವು ಅವನ್ನು ಬರೆಯುವುದಿಲ್ಲ. ಆ ಊರಿನಲ್ಲಿ ಸುಮಾರು 90 ಮನೆಗಳು, 430 ಮಂದಿ. ಬೆಳಗ್ಗೆ ಒಂದು ಸಲ, ಸಂಜೆ ಒಂದು ಸಲ ಬರುತ್ತಿದ್ದ ಬಸ್ಸು ಈಗ ಮೂರು ಮೈಲಿ ದೂರದ ಕ್ರಾಸಿನಲ್ಲಿಯೇ ಹಿಂದಿರುಗುತ್ತದೆ. ಅದು ಯಾರ ಬಸ್ಸೆಂದು ಇಲ್ಲಿ ಹೇಳಬೇಕಾದ ಅಗತ್ಯವಿಲ್ಲ. ರಸ್ತೆಯಲ್ಲಿ ಗುಂಡಿ ಬಿದ್ದಿದೆ, ಹತ್ತುವವರೂ ಕಡಮೆ, ಎಂಬುದು ಅದನ್ನು ನಿಲ್ಲಿಸಿದವರು ಕೊಟ್ಟ ಕಾರಣ. ಆ ಬಸ್ಸಿನ ಮೇಲೆ ಬರುತ್ತಿದ್ದ ನಮ್ಮ ಪತ್ರಿಕೆಯ ಕಟ್ಟೂ ಆದಕಾರಣ ನಿಂತಿದೆ. ಇಷ್ಟನ್ನೂ ಬರೆದು ಕಾರ್ಡಿನ ಅಂಚಿನಲ್ಲಿ ಉಳಿದಿದ್ದ ಜಾಗದಲ್ಲಿ ಅವರು ಒಂದು ಪ್ರಶ್ನೆಯನ್ನು ಸೇರಿಸಿದ್ದಾರೆ: "ನಾವು ಎಷ್ಟು ಮಂದಿಯಾದರೆ ಊರೆನಿಸಿಕೊಳ್ಳುತ್ತೇವೆ? ದಯವಿಟ್ಟು ತಿಳಿಸುವುದು."

ನಾವು ಪಾಠಶಾಲೆಯಲ್ಲಿ ಓದುತ್ತಿದ್ದಾಗ ಗ್ರಾಮವೆಂಬ ಶಬ್ದಕ್ಕೆ ಸಮೂಹವೆಂಬ ಅರ್ಥವೂ ಉಂಟೆಂದು ಪಂಡಿತರು ಹೇಳಿಕೊಟ್ಟಿದ್ದರು. ಎಷ್ಟು ಮಂದಿಯ ಸಮೂಹವೆಂದು ಅವರು ಹೇಳಲಿಲ್ಲ; ನಾವೂ ಕೇಳಲಿಲ್ಲ. ಆದರೆ ಸರಕಾರದ ಕಡತಗಳಲ್ಲಿ ಈ ಪ್ರಶ್ನೆಗೆ ಸ್ಪಷ್ಟವಾದ ಉತ್ತರವಿದೆ. ಅದು 500.

ವಾಚಕರಲ್ಲಿ ಅನೇಕರಿಗೆ ಈ ಸಂಖ್ಯೆಯ ಮಹಿಮೆ ತಿಳಿದಿರಲಾರದು. 2000ನೆಯ ಇಸವಿಯ ಡಿಸೆಂಬರ್ 25ರಂದು ಕೇಂದ್ರ ಸರಕಾರವು ಪ್ರಧಾನಮಂತ್ರಿ ಗ್ರಾಮ ಸಡಕ್ ಯೋಜನೆಯನ್ನು ಆರಂಭಿಸಿತು. ಡೀಸೆಲ್ ಎಣ್ಣೆಯ ಮೇಲೆ ವಿಧಿಸಿದ ಮೇಲ್ತೆರಿಗೆಯಲ್ಲಿ ಒಂದು ಪಾಲನ್ನು ಮೀಸಲಾಗಿಟ್ಟು, ಸರ್ವಋತು ರಸ್ತೆಯಿಲ್ಲದ ವಸತಿಗಳಿಗೆ ರಸ್ತೆಯನ್ನು ಒದಗಿಸುವುದು ಇದರ ಉದ್ದೇಶ. ಮೊದಲು 1000 ಮತ್ತು ಅದಕ್ಕೆ ಮೇಲ್ಪಟ್ಟ ಜನಸಂಖ್ಯೆಯ ವಸತಿಗಳು, ಅನಂತರ 500 ಮತ್ತು ಅದಕ್ಕೆ ಮೇಲ್ಪಟ್ಟವು, ಎಂದು ಸರದಿಯನ್ನು ಗೊತ್ತುಮಾಡಲಾಯಿತು. ಗುಡ್ಡಗಾಡಿನ ರಾಜ್ಯಗಳಿಗೂ ಮರುಭೂಮಿಯ ಪ್ರದೇಶಗಳಿಗೂ ಗಿರಿಜನರ ಅನುಸೂಚಿತ ಪ್ರದೇಶಗಳಿಗೂ 250 ಸಾಕೆಂದು ರಿಯಾಯಿತಿ ತೋರಿಸಲಾಯಿತು. ಈ ಯೋಜನೆಯಿಂದ ದೇಶದಲ್ಲಿ ಏಳು ಲಕ್ಷ ಕಿಲೋಮೀಟರಿಗೂ ಮೀರಿ ರಸ್ತೆಯಾಗಿದೆ. ಇದು ಸಾಮಾನ್ಯವಾದ ಕೆಲಸವೆಂದು ನಾವು ಹೇಳುವುದಿಲ್ಲ. ಮಳೆ ಬಿದ್ದರೆ ಬಂಡಿಯ ಅಚ್ಚು ಹೂತುಹೋಗುತ್ತಿದ್ದ ಎರೆಮಣ್ಣಿನ ದಾರಿಗಳಲ್ಲಿ ಇಂದು ಹಾಲಿನ ವ್ಯಾನು ಓಡುತ್ತಿರುವುದನ್ನು ಕಣ್ಣಾರೆ ಕಂಡವರು ಈ ಯೋಜನೆಯನ್ನು ಹಗುರವಾಗಿ ನುಡಿಯಲಾರರು.

2024ರ ಸೆಪ್ಟೆಂಬರಿನಲ್ಲಿ ಇದರ ನಾಲ್ಕನೆಯ ಹಂತಕ್ಕೆ ಕೇಂದ್ರ ಸಚಿವ ಸಂಪುಟದ ಒಪ್ಪಿಗೆ ದೊರೆಯಿತು. 70,125 ಕೋಟಿ ರೂಪಾಯಿಗಳ ವೆಚ್ಚದಲ್ಲಿ 62,500 ಕಿಲೋಮೀಟರು ರಸ್ತೆ, 25,000 ವಸತಿಗಳಿಗೆ, 2028-29ರೊಳಗೆ. ಇಲ್ಲಿಯೂ ಬಯಲುಸೀಮೆಗೆ ಅದೇ 500. ಲೆಕ್ಕಕ್ಕೆ ಆಧಾರ 2011ರ ಜನಗಣತಿ. ಎಂದರೆ, 2012ರಲ್ಲಿ ಹುಟ್ಟಿದ ಮಗು ಈ ಹಂತ ಮುಗಿಯುವ ಹೊತ್ತಿಗೆ ಕಾಲೇಜಿನ ಮೆಟ್ಟಿಲನ್ನು ಹತ್ತುವ ವಯಸ್ಸಿಗೆ ಬಂದಿರುತ್ತದೆ. ರಸ್ತೆಯ ಲೆಕ್ಕದಲ್ಲಿ ಮಾತ್ರ ಅದು ಇನ್ನೂ ಹುಟ್ಟಿಲ್ಲ. ದೋಷ ಯೋಜನೆಯನ್ನು ಹಾಕಿದವರದು ಮಾತ್ರವಲ್ಲ. 1881ರಿಂದ ಹತ್ತು ವರ್ಷಕ್ಕೊಮ್ಮೆ ತಪ್ಪದೆ, ಮಹಾಯುದ್ಧದ ನಡುವೆ 1941ರಲ್ಲಿಯೂ ಬಿಡದೆ ನಡೆದು ಬಂದಿದ್ದ ಖಾನೇಷುಮಾರಿಯು 2021ರಲ್ಲಿ ನಡೆಯಲಿಲ್ಲ. ಹಳೆಯ ತಕ್ಕಡಿಯಲ್ಲಿ ತೂಗುವುದಲ್ಲದೆ ಅಧಿಕಾರಿಗಳಿಗೆ ಬೇರೆ ದಾರಿಯಿರಲಿಲ್ಲ.

ಹಣ ಮಿತವಾಗಿರುವಾಗ ಹೆಚ್ಚು ಮಂದಿಗೆ ಮೊದಲು ಪ್ರಯೋಜನವಾಗಲಿ ಎಂಬ ವಾದ ನ್ಯಾಯವಾದುದೇ. ಸಾವಿರ ಮಂದಿಯ ಊರು ಕೆಸರಿನಲ್ಲಿ ಮುಳುಗಿರುವಾಗ ಐವತ್ತು ಮಂದಿಯ ಹಟ್ಟಿಗೆ ಡಾಮರು ಹಾಕಿದರೆ ಯಾರೂ ಮೆಚ್ಚಲಾರರು. ಸರದಿಗಾಗಿ ಹುಟ್ಟಿದ ಸಂಖ್ಯೆಯು ಕಾಲಕ್ರಮದಲ್ಲಿ ಅರ್ಹತೆಯ ಸಂಖ್ಯೆಯಾಗಿ ಬಿಟ್ಟಿತೆಂಬುದೇ ನಮ್ಮ ಆಕ್ಷೇಪಣೆ. "ನಿಮ್ಮದು ಆಮೇಲೆ" ಎಂದು ಹೇಳಿದ್ದುದು ಈಗ "ನಿಮ್ಮದು ಇಲ್ಲ" ಎಂದು ಕೇಳಿಸುತ್ತಿದೆ. ಯೋಜನೆ ಆರಂಭವಾಗಿ ಇಪ್ಪತ್ತೈದು ವರ್ಷಗಳು ಕಳೆದ ಮೇಲೆಯೂ 430 ಮಂದಿಯ ಊರಿಗೆ ಸರದಿ ಬಂದಿಲ್ಲವೆಂದರೆ ಆ ಮಾತಿಗೆ ಬೇರೆ ಅರ್ಥ ಮಾಡುವುದು ಹೇಗೆ?

ಇನ್ನು ಎಣಿಸುವ ಕ್ರಮವನ್ನು ನೋಡೋಣ. ಜನಗಣತಿಯ ಪುಸ್ತಕದಲ್ಲಿ ಗ್ರಾಮವೆಂದರೆ ಕಂದಾಯ ಗ್ರಾಮ. ನಮ್ಮ ಸೀಮೆಯ ಶ್ಯಾನುಭೋಗರ ಹಳೆಯ ಭಾಷೆಯಲ್ಲಿ ಅದು ಅಸಲಿ ಗ್ರಾಮ. ಅದಕ್ಕೆ ಸೇರಿದ ಸಣ್ಣ ವಸತಿಗಳು ದಾಖಲೆ ಗ್ರಾಮಗಳು. ಕೊಪ್ಪಲು, ಹಟ್ಟಿ, ದೊಡ್ಡಿ, ತಾಂಡಾ, ಹಾಡಿ, ಪೋಡು, ಮಜರೆ ಎಂದು ಸೀಮೆಗೊಂದು ಹೆಸರಿನಿಂದ ಕರೆಯಿಸಿಕೊಳ್ಳುವ ಇವುಗಳಿಗೆ ಆ ಪುಸ್ತಕದಲ್ಲಿ ಪ್ರತ್ಯೇಕವಾದ ಸಾಲಿಲ್ಲ. ಅಸಲಿ ಗ್ರಾಮಕ್ಕೆ ಬಸ್ಸು ಬರುತ್ತದೆಂದು ಬರೆದರೆ, ನಾಲ್ಕು ಮೈಲಿಯಾಚೆಯ ಹಟ್ಟಿಗೂ ಬಸ್ಸು ಬಂದಂತೆಯೇ ಆಯಿತು. ಬಸ್ಸಿಲ್ಲದ ಊರುಗಳ ವಿಷಯದಲ್ಲಿ ಜಿಲ್ಲಾ ಜನಗಣತಿ ಕೈಪಿಡಿಯು ಎಷ್ಟು ದೂರದಲ್ಲಿ ಬಸ್ಸು ಸಿಕ್ಕುತ್ತದೆಂಬುದನ್ನು ಮೂರು ಅಕ್ಷರಗಳಲ್ಲಿ ಸೂಚಿಸುತ್ತದೆ: ಐದು ಕಿಲೋಮೀಟರಿಗೆ ಕಡಮೆಯಾದರೆ ಒಂದಕ್ಷರ, ಐದರಿಂದ ಹತ್ತಾದರೆ ಇನ್ನೊಂದು, ಹತ್ತಕ್ಕೆ ಮೇಲಾದರೆ ಮತ್ತೊಂದು. ನಮ್ಮ ಉಪಾಧ್ಯಾಯರ ಊರಿಗೆ ಮೊದಲನೆಯ ಅಕ್ಷರ ಬೀಳುತ್ತದೆ. ತಲೆಯ ಮೇಲೆ ರಾಗಿಯ ಚೀಲವನ್ನು ಹೊತ್ತು ಆ ಮೂರು ಮೈಲಿಯನ್ನು ನಡೆಯುವವರಿಗೆ ಅದು ಬಹಳ ಚಿಕ್ಕ ಅಕ್ಷರವೆಂದು ತೋರಲಾರದು.

ಸಡಕ್ ಯೋಜನೆಯವರು ಈ ತೊಡಕನ್ನು ತಿಳಿಯದವರಲ್ಲ. ತಮ್ಮ ಎಣಿಕೆಗೆ ಕಂದಾಯ ಗ್ರಾಮವಲ್ಲ, ವಸತಿಯೇ ಆಧಾರವೆಂದು ಅವರು ಮೊದಲಿನಿಂದಲೂ ಹೇಳುತ್ತ ಬಂದಿದ್ದಾರೆ. ಐನೂರು ಮೀಟರಿನ ಒಳಗಿರುವ ವಸತಿಗಳನ್ನು ಕೂಡಿಸಿ ಒಂದಾಗಿ ಎಣಿಸಬಹುದೆಂಬ ನಿಯಮವನ್ನೂ ಮಾಡಿದ್ದಾರೆ. ಗುಡ್ಡಗಾಡಿನಲ್ಲಿ ಇದು ಕಾಲುದಾರಿಯ ಒಂದೂವರೆ ಕಿಲೋಮೀಟರು. ಕೇಳುವುದಕ್ಕೆ ಉದಾರವಾದ ನಿಯಮ. ಆದರೆ ಗುಡ್ಡಗಾಡು ಯಾವುದೆಂಬುದನ್ನು ಪಟ್ಟಿಯು ನಿರ್ಣಯಿಸುತ್ತದೆಯೇ ಹೊರತು ಗುಡ್ಡ ನಿರ್ಣಯಿಸುವುದಿಲ್ಲ. ಈಶಾನ್ಯದ ರಾಜ್ಯಗಳೂ ಹಿಮಾಲಯದ ರಾಜ್ಯಗಳೂ ಪಟ್ಟಿಯಲ್ಲಿವೆ, ಸಹ್ಯಾದ್ರಿ ಇಲ್ಲ. ಸಂವಿಧಾನದ ಐದನೆಯ ಅನುಸೂಚಿಗೆ ಸೇರಿದ ಪ್ರದೇಶವೂ ಕರ್ಣಾಟಕದಲ್ಲಿ ಒಂದೂ ಇಲ್ಲ. ಆದುದರಿಂದ ಘಟ್ಟದ ಕಣಿವೆಯಲ್ಲಿ, ಒಂದು ತೋಟಕ್ಕೂ ಇನ್ನೊಂದು ತೋಟಕ್ಕೂ ನಡುವೆ ಒಂದು ಗುಡ್ಡವೂ ಎರಡು ಹಳ್ಳಗಳೂ ಇರುವಲ್ಲಿ, ಮನೆಗಳು ಮೈಲಿಗಟ್ಟಲೆ ಹರಡಿಕೊಂಡಿರುವಲ್ಲಿ, ಬಯಲುಸೀಮೆಯ ಅಳತೆಗೋಲನ್ನೇ ಹಿಡಿಯಬೇಕಾಗಿದೆ. ಬಯಲಿನ ಊರು ಒಂದೇ ಕಡೆ ಗುಂಪುಗೂಡಿ ಕುಳಿತಿರುತ್ತದೆ. ಮಲೆನಾಡಿನ ಊರು ಹಾಗೆ ಕೂಡುವುದಿಲ್ಲ. ಅದರಲ್ಲಿ 500 ಮಂದಿಯನ್ನು ಒಂದೆಡೆ ಕಾಣಬೇಕಾದರೆ ಜಾತ್ರೆಯ ದಿನ ಹೋಗಬೇಕು.

ಮಳೆಗಾಲದ ನಾಲ್ಕು ತಿಂಗಳು ಅಲ್ಲಿ ಸಂಚಾರಕ್ಕೆ ಇರುವುದು ಕಾಲುಸಂಕ. ಎರಡು ಅಡಿಕೆಮರದ ದಬ್ಬೆಗಳನ್ನು ಹಳ್ಳಕ್ಕೆ ಅಡ್ಡಲಾಗಿ ಹಾಕಿ, ಹಿಡಿದುಕೊಳ್ಳಲು ಒಂದು ಬಳ್ಳಿಯನ್ನೋ ಹಗ್ಗವನ್ನೋ ಕಟ್ಟಿದರೆ ಸಂಕವಾಯಿತು. ಪ್ರತಿವರ್ಷವೂ ಊರವರೇ ಅದನ್ನು ಕಟ್ಟುತ್ತಾರೆ. ಪ್ರತಿವರ್ಷವೂ ಹಳ್ಳ ಅದನ್ನು ಒಯ್ಯುತ್ತದೆ. 2022ರ ಆಗಸ್ಟಿನಲ್ಲಿ ಬೈಂದೂರು ತಾಲ್ಲೂಕಿನಲ್ಲಿ ಶಾಲೆಯಿಂದ ಮನೆಗೆ ಮರಳುತ್ತಿದ್ದ ಎರಡನೆಯ ತರಗತಿಯ ಬಾಲೆಯೊಬ್ಬಳು ಇಂಥ ಸಂಕದಿಂದ ಜಾರಿ ತುಂಬಿದ ಹಳ್ಳಕ್ಕೆ ಬಿದ್ದು ತೀರಿಕೊಂಡಳು. ಅನಂತರ ಕಾಲುಸಂಕಗಳ ಪಟ್ಟಿಯಾಯಿತು, ಕಾಂಕ್ರೀಟಿನ ಕಿರುಸೇತುವೆಗಳ ಮಾತು ಬಂದಿತು. ಕೆಲವು ಕಡೆ ಕಟ್ಟಿಯೂ ಇದ್ದಾರೆ, ಕಟ್ಟಿದವರನ್ನು ಅಭಿನಂದಿಸುತ್ತೇವೆ. ಆದರೆ ಒಂದು ಹಳ್ಳವನ್ನು ದಾಟುವವರು ದಿನಕ್ಕೆ ಎಷ್ಟು ಮಂದಿ ಎಂದು ಕೇಳುವ ಪದ್ಧತಿಯಿರುವ ತನಕ ಎಂಟು ಮನೆಗಳ ಹಳ್ಳಕ್ಕೆ ಸೇತುವೆಯ ಅಂದಾಜುಪಟ್ಟಿ ಮಂಜೂರಾಗುವುದು ಕಷ್ಟ.

ಘಟ್ಟದ ಈ ಮಾತು ರಾಜ್ಯದ ದಕ್ಷಿಣದ ಅಂಚಿನಲ್ಲಿಯೂ ನಿಜವಾಗಿದೆ; ಅಲ್ಲಿ ಅದು ಇನ್ನೊಂದು ಬಗೆಯಿಂದ ಬೆಳಕಿಗೆ ಬಂದಿತು. ಚಾಮರಾಜನಗರ ಜಿಲ್ಲೆಯ ಹನೂರು ತಾಲ್ಲೂಕಿನಲ್ಲಿರುವ ಮಲೆ ಮಹದೇಶ್ವರ ಬೆಟ್ಟವನ್ನು ಅರಿಯದ ಕನ್ನಡಿಗನಿಲ್ಲ. ಅಮಾವಾಸ್ಯೆಗೆ, ಶಿವರಾತ್ರಿಗೆ, ದೀಪಾವಳಿಗೆ ಅಲ್ಲಿ ಸೇರುವ ಜನಸ್ತೋಮಕ್ಕಾಗಿ ಮೈಸೂರಿನಿಂದಲೂ ಬೆಂಗಳೂರಿನಿಂದಲೂ ಬಸ್ಸುಗಳ ಸಾಲೇ ಹೊರಡುತ್ತದೆ. ಬೆಟ್ಟದಿಂದ ನಾಗಮಲೆಗೆ ಹೋಗುವ ಹಾದಿಯಲ್ಲಿ ಇಂಡಿಗನತ್ತವೆಂಬ ಊರಿದೆ. ಅದರ ಆಸುಪಾಸಿನಲ್ಲಿ ಮೆಂದಾರೆ, ತುಳಸಿಕೆರೆ, ಪಡಸಲನತ್ತ ಮೊದಲಾದ ಸಣ್ಣ ಊರುಗಳೂ ಪೋಡುಗಳೂ ಇವೆ. ಮಾದಪ್ಪನ ಪೂಜೆಯನ್ನು ತಲೆತಲಾಂತರದಿಂದ ನಡೆಸುತ್ತ ಬಂದಿರುವ ಬೇಡಗಂಪಣರೂ ಸೋಲಿಗರೂ ಇಲ್ಲಿನ ನಿವಾಸಿಗಳು. 2013ರಲ್ಲಿ ಈ ಕಾಡು ವನ್ಯಜೀವಿಧಾಮವಾಯಿತು. ಊರುಗಳು ಅದರ ಒಡಲಲ್ಲಿ ಉಳಿದುವು. ದೇವರ ದರ್ಶನಕ್ಕೆ ಬರುವವರಿಗೆ ಬಾಗಿಲವರೆಗೂ ಬಸ್ಸು. ದೇವರ ಒಕ್ಕಲಿನವರ ಊರಿಗೆ ಕಲ್ಲುಜಾಡು. ರೋಗಿಗಳನ್ನೂ ಬಸುರಿಯರನ್ನೂ ಗಳುವಿಗೆ ಬಟ್ಟೆ ಕಟ್ಟಿ ಡೋಲಿ ಮಾಡಿ ಹೊತ್ತು ತಂದ ಸಮಾಚಾರಗಳು ಇತ್ತೀಚಿನ ವರ್ಷಗಳಲ್ಲಿಯೂ ಪತ್ರಿಕೆಗಳಲ್ಲಿ ಬಂದಿವೆ. 108ಕ್ಕೆ ದೂರವಾಣಿ ಮಾಡಿದರೆ ಆಂಬುಲೆನ್ಸು ಬರುತ್ತದೆ, ನಿಜ. ರಸ್ತೆ ಇರುವ ತನಕ ಬರುತ್ತದೆ.

2024ರ ಏಪ್ರಿಲ್ 26ರಂದು ಲೋಕಸಭೆಯ ಚುನಾವಣೆ ನಡೆದಾಗ ರಸ್ತೆಯೇ ಮೊದಲಾದ ಸೌಕರ್ಯಗಳಿಲ್ಲವೆಂದು ಇಂಡಿಗನತ್ತದವರು ಮತದಾನವನ್ನು ಬಹಿಷ್ಕರಿಸಿದರು. ಅಧಿಕಾರಿಗಳು ಮನವೊಲಿಸಲು ಹೋದಾಗ ಜಗಳ ಹುಟ್ಟಿ, ಮತಗಟ್ಟೆಯನ್ನೂ ಮತಯಂತ್ರವನ್ನೂ ಧ್ವಂಸಮಾಡಲಾಯಿತು. ಏಪ್ರಿಲ್ 29ರಂದು ಮರುಮತದಾನವಾಯಿತು. ಐನೂರಕ್ಕೂ ಹೆಚ್ಚು ಮತದಾರರಿದ್ದ ಆ ಕಟ್ಟೆಯಲ್ಲಿ ಅಂದು ಮತ ಹಾಕಿದವರು ನೂರು ಮಂದಿಯೂ ಇಲ್ಲ. ಮತಯಂತ್ರವನ್ನು ಒಡೆದುದು ಅಕ್ಷಮ್ಯವಾದ ಕೃತ್ಯ. ಈ ದೇಶದ ಜನರು ಬಹಳ ಕಷ್ಟದಿಂದ ಸಂಪಾದಿಸಿದ ಹಕ್ಕನ್ನು ಅವರು ತಮ್ಮ ಕೈಯಿಂದಲೇ ಒಡೆದರು. ಆದರೆ ಒಡೆದವರ ಮೇಲೆ ಮೊಕದ್ದಮೆ ಹೂಡಿದಷ್ಟು ವೇಗವಾಗಿ ಅವರ ಅರ್ಜಿಗಳನ್ನು ಹಿಂದೆ ಯಾರಾದರೂ ಓದಿದ್ದರೆ ಈ ಪ್ರಸಂಗವೇ ಒದಗುತ್ತಿರಲಿಲ್ಲವೆಂದು ಹೇಳುವುದೂ ನಮ್ಮ ಕರ್ತವ್ಯ.

ಇದರಲ್ಲಿ ವಿಚಾರಾರ್ಹವಾದ ಒಂದು ಸಂಗತಿಯುಂಟು. ಮತಯಂತ್ರವು ಆ ಊರಿನವರೆಗೂ ಹೋಗಿತ್ತು. ಯಾವ ಮತದಾರನೂ ಎರಡು ಕಿಲೋಮೀಟರಿಗಿಂತ ಹೆಚ್ಚು ದೂರ ನಡೆಯಬೇಕಾಗಬಾರದೆಂಬುದು ಚುನಾವಣಾ ಆಯೋಗದವರು ಇಟ್ಟುಕೊಂಡಿರುವ ಧ್ಯೇಯ. ಗುಜರಾತಿನ ಗಿರ್ ಅರಣ್ಯದ ಬಾಣೇಜ್ ಎಂಬಲ್ಲಿ ಒಬ್ಬನೇ ಒಬ್ಬ ಮತದಾರನಿಗಾಗಿ, ಅಲ್ಲಿನ ದೇವಾಲಯದ ಅರ್ಚಕರಿಗಾಗಿ, ಚುನಾವಣೆ ಚುನಾವಣೆಗೂ ಮತಗಟ್ಟೆಯನ್ನು ಸ್ಥಾಪಿಸುತ್ತ ಬರಲಾಗಿದೆ. ಇದು ನಮ್ಮ ಗಣರಾಜ್ಯದ ಹಿರಿಮೆಯೇ ಸರಿ. ಓಟಿಗಾಗಿ ಹೋಗುವಾಗ ಒಬ್ಬನಾದರೂ ಸಾಕು, ರಸ್ತೆಗಾಗಿ ಹೋಗುವಾಗ 500 ಬೇಕು. ಎರಡೂ ಲೆಕ್ಕಗಳನ್ನು ಇಟ್ಟಿರುವುದು ಒಂದೇ ರಾಜ್ಯಾಂಗ.

ಕಾಡಿನ ಊರಿಗೆ ರಸ್ತೆ ಮಾಡುವುದಕ್ಕೆ ಕಾನೂನಿನ ಅಡ್ಡಿಯಿದೆಯೆಂಬ ಉತ್ತರ ಕೂಡಲೆ ಬರುತ್ತದೆ. ಅಡ್ಡಿಯಿದೆ, ಬಾಗಿಲೂ ಇದೆ. 2006ರ ಅರಣ್ಯ ಹಕ್ಕು ಕಾಯಿದೆಯ ಮೂರನೆಯ ಪ್ರಕರಣದ ಎರಡನೆಯ ಉಪಪ್ರಕರಣವು ಶಾಲೆ, ಅಂಗನವಾಡಿ, ಕುಡಿಯುವ ನೀರು, ರಸ್ತೆ ಮೊದಲಾದ ಹದಿಮೂರು ಸೌಕರ್ಯಗಳಿಗೆ ಗ್ರಾಮಸಭೆಯ ಶಿಫಾರಸಿನ ಮೇಲೆ ಅರಣ್ಯಭೂಮಿಯನ್ನು ಕೊಡಲು ಅವಕಾಶಮಾಡಿದೆ. ಕೊಡುವ ಜಾಗ ಒಂದು ಹೆಕ್ಟೇರಿಗೆ ಕಡಮೆಯಿರಬೇಕು, ಹೆಕ್ಟೇರಿಗೆ 75ಕ್ಕಿಂತ ಹೆಚ್ಚು ಮರಗಳನ್ನು ಕಡಿಯಬಾರದು. ಒಂದು ಹೆಕ್ಟೇರೆಂದರೆ ಹತ್ತು ಸಾವಿರ ಚದರ ಮೀಟರು. ಮೂರು ಮೀಟರು ಅಗಲದ ದಾರಿಯಾದರೆ ಮೂರು ಕಿಲೋಮೀಟರು ಚಿಲ್ಲರೆ ಉದ್ದಕ್ಕೆ ಸಾಕಾಗುತ್ತದೆ. ಊರು ಅದಕ್ಕಿಂತ ಒಳಗಿದ್ದರೆ? ಅಲ್ಲಿ ಕಡತ ನಿಲ್ಲುತ್ತದೆ. ಕಾಡು ಹಾಳಾಗಬೇಕೆಂದು ನಾವು ಹೇಳುವವರಲ್ಲ. ಆನೆ ನಡೆಯುವ ಹಾದಿಯಲ್ಲಿ ಹೆದ್ದಾರಿಯನ್ನು ಯಾರೂ ಬೇಡುತ್ತಿಲ್ಲ. ತಲೆಮಾರುಗಳಿಂದ ಜನ ನಡೆದು ಆಗಿರುವ ಜಾಡಿನಲ್ಲಿಯೇ ಹಗಲು ಹೊತ್ತಿನಲ್ಲಿ ಒಂದು ಜೀಪು ಹೋಗುವಂತೆ ಕಲ್ಲು ಹಾಸಿ, ಮಳೆನೀರು ಹರಿಯುವಲ್ಲಿ ಮೋರಿ ಕಟ್ಟುವುದಕ್ಕೆ ಕಾಡು ಕಡಿಯಬೇಕಾಗಿಲ್ಲ. ಅರಣ್ಯ ಇಲಾಖೆಯವರೇ 2022ರಲ್ಲಿ ಈ ಸೀಮೆಯ ಮಕ್ಕಳನ್ನು ಶಾಲೆಗೂ ಜನರನ್ನು ಬೆಟ್ಟಕ್ಕೂ ಒಯ್ಯಲು ಜನ-ವನ ಸಾರಿಗೆಯೆಂಬ ಹೆಸರಿನಲ್ಲಿ ಜೀಪುಗಳನ್ನು ಓಡಿಸಿದರು. ಎಷ್ಟು ಮಂದಿ ಇದ್ದೀರೆಂದು ಕೇಳದೆ ಗಾಡಿಯನ್ನು ಕಳುಹಿಸಿದ ಈ ಪ್ರಯತ್ನವನ್ನು ನಾವು ಮುಕ್ತಕಂಠದಿಂದ ಪ್ರಶಂಸಿಸುತ್ತೇವೆ. ಆ ಜೀಪೂ ಮಳೆಗಾಲದಲ್ಲಿ ಜಾಡು ಬಿಟ್ಟುಕೊಟ್ಟಷ್ಟೇ ದೂರ ಹೋಗಬೇಕು.

ಭಕ್ತರ ಸಂಖ್ಯೆಯ ಮುಂದೆ ನಿವಾಸಿಗಳ ಸಂಖ್ಯೆ ಮಂಕಾಗುವುದಕ್ಕೆ ಇನ್ನೊಂದು ನಿದರ್ಶನವನ್ನು ಶರಾವತಿಯ ಹಿನ್ನೀರಿನಲ್ಲಿ ಕಾಣಬಹುದು. 1964ರಲ್ಲಿ ಲಿಂಗನಮಕ್ಕಿಯ ಅಣೆಕಟ್ಟು ಪೂರ್ತಿಯಾಗಿ ನಾಡಿಗೆ ಬೆಳಕು ಬಂದಿತು. ತುಮರಿ ಕಡೆಯ ಊರುಗಳು ಸಾಗರದ ಪೇಟೆಯಿಂದ ನೀರಿನಾಚೆಗೆ ಉಳಿದುವು. ಗದ್ದೆ ಮುಳುಗಿಸಿಕೊಂಡವರು ಲಾಂಚು ನಂಬಿಕೊಂಡು ಬದುಕಿದರು. ಸಂಜೆಯ ಲಾಂಚು ತಪ್ಪಿದರೆ ರಾತ್ರಿ ಈಚೆ ದಡದಲ್ಲಿಯೇ. ಅಂಬಾರಗೋಡ್ಲು-ಕಳಸವಳ್ಳಿಯ 2.44 ಕಿಲೋಮೀಟರಿನ ಸೇತುವೆ ತೆರೆದುದು 2025ರ ಜುಲೈ 14ರಂದು. ನಡುವೆ ಅರುವತ್ತೊಂದು ವರ್ಷ! ಸಿಗಂದೂರು ಚೌಡೇಶ್ವರಿಯ ದರ್ಶನಕ್ಕೆ ನಾಡಿನ ಮೂಲೆಮೂಲೆಯಿಂದ ಕಾರುಗಳು ಬರತೊಡಗದಿದ್ದರೆ ಇನ್ನೆಷ್ಟು ವರ್ಷ ಹಿಡಿಯುತ್ತಿತ್ತೋ. ದೇವಿಯ ಕೃಪೆಯೆಂದು ಅಲ್ಲಿನವರು ಹೇಳಿದರೆ ನಾವು ಅದನ್ನು ಅಲ್ಲಗಳೆಯಲಾರೆವು.

ರಸ್ತೆಯಾದ ಮಾತ್ರಕ್ಕೆ ಬಸ್ಸು ಬರುತ್ತದೆಯೆ? ನಮ್ಮ ಉಪಾಧ್ಯಾಯರ ಊರಿಗೆ ರಸ್ತೆ ಎಂಬ ಹೆಸರಿನದೊಂದು ಇದ್ದೇ ಇತ್ತು. 1948ರ ಸೆಪ್ಟೆಂಬರ್ 12ರಂದು ಮೈಸೂರು ಸರಕಾರವು 120 ಬಸ್ಸುಗಳಿಂದ ಸಾರಿಗೆಯನ್ನು ಆರಂಭಿಸಿತು. 1961ರಲ್ಲಿ ಅದು ಸಂಸ್ಥೆಯಾಯಿತು. ಇಂದು ನಾಲ್ಕು ಸಂಸ್ಥೆಗಳಾಗಿವೆ. ಲಾಭವಿರುವ ದಾರಿಯಲ್ಲಿ ಬಂದ ಹಣದಿಂದ ಲಾಭವಿಲ್ಲದ ದಾರಿಯನ್ನು ನಡೆಸುವುದು ಸರಕಾರಿ ಸಾರಿಗೆಗೆ ಇರುವ ದೊಡ್ಡ ಸಮರ್ಥನೆ. ಈ ಧರ್ಮದ ಮೂರ್ತರೂಪವೇ ಉತ್ತರದವರು ವಸ್ತಿ ಬಸ್ಸೆಂದೂ ಹಳೆಯ ಮೈಸೂರಿನವರು ಹಾಲ್ಟ್ ಬಸ್ಸೆಂದೂ ಕರೆಯುವ, ರಾತ್ರಿ ಊರಿನಲ್ಲಿಯೇ ತಂಗುವ ಬಸ್ಸು.

ಆ ಬಸ್ಸನ್ನು ನಂಬಿ ಬೆಳೆದವರಲ್ಲಿ ನಾವೂ ಒಬ್ಬರು. ನಾವು ಮೆಟ್ರಿಕ್ ಪರೀಕ್ಷೆಗೆ ಹೋದುದು ಅದರಲ್ಲಿಯೇ. ರಾತ್ರಿ ಎಂಟೂವರೆಗೆ ಅದು ಆಂಜನೇಯನ ಗುಡಿಯ ಮುಂದೆ ಬಂದು ನಿಂತರೆ ಊರಿಗೆ ಆ ದಿನ ಮುಗಿಯಿತು. ಡ್ರೈವರು ಕಂಡಕ್ಟರುಗಳು ಶಾಲೆಯ ಜಗಲಿಯಲ್ಲಿ ಮಲಗುತ್ತಿದ್ದರು. ಒಂದು ಮನೆಯಿಂದ ಮುದ್ದೆ, ಇನ್ನೊಂದು ಮನೆಯಿಂದ ಸಾರು. ಬೆಳಗಿನ ಆರು ಗಂಟೆಗೆ ಹಾರನ್ ಕೇಳಿದೊಡನೆಯೇ ಕೋರ್ಟಿಗೆ ಹೋಗುವವರು, ಆಸ್ಪತ್ರೆಗೆ ಹೋಗುವವರು, ಸಂತೆಗೆ ಕೋಳಿ ಹಿಡಿದು ಹೊರಟ ಮುದುಕಿಯರು, ಪರೀಕ್ಷೆಯ ಹುಡುಗರು, ಮೇಲೆ ಹಾಲಿನ ಕ್ಯಾನು, ಹೂವಿನ ಮಂಕರಿ. ಎಲ್ಲರ ಕಷ್ಟವೂ ಕಂಡಕ್ಟರಿಗೆ ಗೊತ್ತು. ಜ್ವರದ ಮಗುವನ್ನು ಹಿಡಿದು ತಾಯಿಯೊಬ್ಬಳು ಹೊಲದ ಬದುವಿನಲ್ಲಿ ಓಡಿಬರುತ್ತಿದ್ದರೆ ಬಸ್ಸು ಅವಳಿಗಾಗಿ ಕಾಯುತ್ತಿತ್ತು. ಅದು ದಿನಕ್ಕೆ ಎಷ್ಟು ರೂಪಾಯಿ ಕಲೆಕ್ಷನ್ ತರುತ್ತಿತ್ತೋ ನಾವರಿಯೆವು. ಮೆಟ್ರಿಕ್ ಪಾಸಾದ ಹನ್ನೊಂದು ಮಂದಿ ಹುಡುಗರನ್ನೂ ಇಬ್ಬರು ಹುಡುಗಿಯರನ್ನೂ ಆ ಊರು ಪಡೆದುದು ಆ ಬಸ್ಸಿನಿಂದ ಎಂಬುದನ್ನು ಮಾತ್ರ ಬಲ್ಲೆವು.

2023ರ ಜೂನ್ 11ರಿಂದ ಕರ್ಣಾಟಕದ ಸ್ತ್ರೀಯರಿಗೆ ಶಕ್ತಿ ಯೋಜನೆಯ ಮೇರೆಗೆ ಸಾಮಾನ್ಯ ಬಸ್ಸುಗಳಲ್ಲಿ ಟಿಕೆಟ್ಟಿನ ಹಣವಿಲ್ಲ. ಪಟ್ಟಣದ ಗಾರ್ಮೆಂಟ್ಸ್ ಕೆಲಸಕ್ಕೆ ಹೋಗುವ ಹೆಂಗಸಿಗೆ ಇದು ತಿಂಗಳಿಗೆ ಎಷ್ಟು ಉಳಿಸುತ್ತದೆಂಬುದನ್ನು ಅವಳೇ ಹೇಳಬಲ್ಲಳು. ಆದರೆ ಶೂನ್ಯ ಬೆಲೆಯ ಟಿಕೆಟ್ಟು ಸಿಕ್ಕುವುದು ಬಸ್ಸಿನ ಒಳಗೆ. ಬಸ್ಸೇ ಬಾರದ ಊರಿನ ಹೆಂಗಸು ಕ್ರಾಸಿನವರೆಗೆ ಗೂಡ್ಸ್ ಆಟೋಗೆ ಹಣ ಕೊಟ್ಟು, ಅಲ್ಲಿಂದ ಮುಂದೆ ಪುಕ್ಕಟೆಯಾಗಿ ಪ್ರಯಾಣ ಮಾಡುತ್ತಾಳೆ. ಹಣವಿಲ್ಲದ ದಿನ ನಡೆಯುತ್ತಾಳೆ.

ಈ ಸ್ಥಿತಿಗೆ ಒಂದು ಕ್ರೂರವಾದ ಲಕ್ಷಣವಿದೆ. ಜನ ಕಡಮೆಯೆಂದು ಬಸ್ಸು ನಿಲ್ಲುತ್ತದೆ. ಬಸ್ಸು ನಿಂತಿತೆಂದು ಹೈಸ್ಕೂಲಿಗೆ ಹೋಗುವ ಮಕ್ಕಳಿರುವ ಸಂಸಾರಗಳು ತಾಲ್ಲೂಕು ಊರಿಗೆ ಬಾಡಿಗೆ ಮನೆ ಮಾಡಿ ಹೋಗುತ್ತವೆ. ಮುಂದಿನ ಗಣತಿಯಲ್ಲಿ ಊರು ಇನ್ನಷ್ಟು ಚಿಕ್ಕದಾಗುತ್ತದೆ. ಮದುವೆಗೆ ಹೆಣ್ಣು ಕೊಡುವವರೂ ಮೊದಲು ಕೇಳುವುದು ಬಸ್ಸನ್ನೇ. ರಸ್ತೆಯಿಂದ ಆಗುವ ಫಲವೇನೆಂಬುದನ್ನು ಇಬ್ಬರು ಅರ್ಥಶಾಸ್ತ್ರಜ್ಞರು, ಆಶರ್ ಮತ್ತು ನೊವೊಸಾದ್ ಎಂಬವರು, ಈ 500, 1000ದ ಗಡಿಯ ಎರಡು ಪಕ್ಕಗಳಲ್ಲಿರುವ ಹಳ್ಳಿಗಳನ್ನೇ ಹೋಲಿಸಿ ನೋಡಿ 2020ರಲ್ಲಿ ಪ್ರಕಟಿಸಿದ್ದಾರೆ. ಅವರು ಆಯ್ದುಕೊಂಡುದು ಬೇರೆ ರಾಜ್ಯಗಳ ಹಳ್ಳಿಗಳನ್ನು. ರಸ್ತೆ ಬಂದೊಡನೆ ಬೇಸಾಯವಾಗಲಿ ಮನೆಯ ಆಸ್ತಿಯಾಗಲಿ ಹೇಳಿಕೊಳ್ಳುವಷ್ಟು ಹೆಚ್ಚಲಿಲ್ಲ. ಹೊಲದ ಕೆಲಸವನ್ನು ಬಿಟ್ಟು ಬೇರೆ ಕೆಲಸಕ್ಕೆ ಹೋಗುವವರು ಹೆಚ್ಚಾದರು, ಎಂಬುದು ಅವರ ನಿರ್ಣಯದ ಸಾರ. ರಸ್ತೆಯಿಂದ ಹಳ್ಳಿ ಸ್ವರ್ಗವಾಗುವುದಿಲ್ಲವೆಂದು ಇದನ್ನು ಓದಬಹುದು. ನಾವು ಓದುವುದು ಬೇರೆ ಬಗೆಯಾಗಿ: ಹೊರಗೆ ಕೂಲಿ ಮಾಡಿಯೂ ಸಂಜೆ ಮನೆಗೆ ಮರಳುವ ಅನುಕೂಲವಿದ್ದವನಿಗೆ ಊರು ಬಿಡಬೇಕಾಗಿಲ್ಲ.

ಬಿಟ್ಟ ಊರುಗಳಿಗೂ ಕಂದಾಯ ಇಲಾಖೆಯಲ್ಲಿ ಒಂದು ಹೆಸರಿದೆ: ಬೇಚರಾಕು. ಪಾರಸಿಯ ಬೇಚಿರಾಗ್ ಶಬ್ದದಿಂದ ಬಂದುದು, ದೀಪವಿಲ್ಲದ್ದು ಎಂದರ್ಥ. 2011ರ ಗಣತಿಯಲ್ಲಿ ಕರ್ಣಾಟಕದ 29,340 ಗ್ರಾಮಗಳ ಪೈಕಿ ಜನವಸತಿಯಿದ್ದುವು 27,397. ಮಿಕ್ಕ 1,943 ನಕ್ಷೆಯಲ್ಲಿ ಹೆಸರಾಗಿ, ಪಹಣಿಯಲ್ಲಿ ಸರ್ವೆ ನಂಬರಾಗಿ ಉಳಿದಿವೆ. ಇವೆಲ್ಲವೂ ರಸ್ತೆಯಿಲ್ಲದೆ ಬರಿದಾದುವೆಂದು ಹೇಳಿದರೆ ತಪ್ಪಾಗುತ್ತದೆ. ಪ್ಲೇಗು, ಬರಗಾಲ, ಅಣೆಕಟ್ಟು, ಹೀಗೆ ಕಾರಣಗಳು ಅನೇಕ. ಹಿಂದಿನವು ಕಾಯಿಲೆಯಿಂದ ಒಂದೇ ಮಳೆಗಾಲದಲ್ಲಿ ಬರಿದಾಗಿದ್ದರೆ, ಈಗಿನವು ಟ್ರಂಕು ಹಾಸಿಗೆಗಳನ್ನು ಹೊತ್ತು ಒಂದೊಂದೇ ಮನೆಯಾಗಿ ಬರಿದಾಗುತ್ತಿವೆ.

ಸರಕಾರಕ್ಕೆ ನಮ್ಮ ಸೂಚನೆ ಹೆಚ್ಚಿನದೇನೂ ಅಲ್ಲ. ಮನೆಪಟ್ಟಿಯನ್ನು 2026ರಲ್ಲಿಯೂ ಜನರ ಎಣಿಕೆಯನ್ನು 2027ರ ಫೆಬ್ರವರಿಯಲ್ಲಿಯೂ ಮಾಡುವುದೆಂದು ನಿಶ್ಚಯವಾಗಿದೆ. ಎಣಿಸುವ ಉಪಾಧ್ಯಾಯರು ಹೇಗೂ ಪ್ರತಿಯೊಂದು ಹಟ್ಟಿಗೂ ನಡೆದೇ ಹೋಗುತ್ತಾರೆ. ಹೋದಾಗ ಅಸಲಿ ಗ್ರಾಮದ ಬದಲು ಆ ಹಟ್ಟಿಯಿಂದಲೇ ಬಸ್ಸು ಎಷ್ಟು ದೂರ, ವರ್ಷದಲ್ಲಿ ಎಷ್ಟು ದಿನ ಹಳ್ಳ ದಾಟಲು ಸಾಧ್ಯವಿಲ್ಲ, ಎಂಬ ಎರಡು ಸಂಗತಿಗಳನ್ನು ರಾಜ್ಯ ಸರಕಾರವು ಅವರಿಂದಲೋ ಪಂಚಾಯಿತಿಯವರಿಂದಲೋ ಬರೆಯಿಸಿಕೊಳ್ಳಲಿ. ಮುಂದಿನ ರಸ್ತೆಯ ಸರದಿಯಲ್ಲಿ ತಲೆಗಳ ಜೊತೆಗೆ ಈ ಮೈಲಿಗಳನ್ನೂ ದಿನಗಳನ್ನೂ ಕೂಡಿಸಿ ತೂಗಲಿ. ದೊಡ್ಡ ಬಸ್ಸು ತಿರುಗಲು ಜಾಗವಿಲ್ಲದ ಊರಿಗೆ ಹನ್ನೆರಡು ಮಂದಿ ಹಿಡಿಸುವ ಸಣ್ಣ ಗಾಡಿ ಹೋಗಲಿ. ಅದರಲ್ಲಿಯೂ ಶಕ್ತಿಯ ಟಿಕೆಟ್ಟು ನಡೆಯಲಿ.

ಇನ್ನೊಬ್ಬರಿಗೆ ಇಷ್ಟು ಹೇಳಿದ ಮೇಲೆ ನಮ್ಮ ಲೆಕ್ಕವನ್ನೂ ಒಪ್ಪಿಸಬೇಕು. ಆ ಊರಿಗೆ ಹೋಗುತ್ತಿದ್ದುದು ನಮ್ಮ ಪತ್ರಿಕೆಯ ಐದು ಪ್ರತಿಗಳು. ಬಸ್ಸು ನಿಂತಾಗ ಕ್ರಾಸಿನಿಂದ ಮುಂದೆ ಹುಡುಗನೊಬ್ಬನನ್ನು ಸೈಕಲಿನಲ್ಲಿ ಕಳುಹಿಸುವುದಕ್ಕೆ ಏಜೆಂಟರು ಕಮಿಷನ್ ಹೆಚ್ಚು ಕೇಳಿದರು. ಐದು ಪ್ರತಿಗಳಿಗೆ ಅದು ಕಟ್ಟುವುದಿಲ್ಲವೆಂದು ಕಾಗದದ ಅಂಚಿನಲ್ಲಿ ಬರೆದು ಸಹಿ ಮಾಡಿದವರು ನಾವೇ. ಕಾರ್ಡು ಬಂದ ದಿನ ಆ ಹಳೆಯ ಕಡತವನ್ನು ತೆಗೆಯಿಸಿ ನೋಡಿದೆವು, ಅಕ್ಷರ ನಮ್ಮದೇ. ಬರುವ ತಿಂಗಳ ಒಂದನೆಯ ತಾರೀಖಿನಿಂದ ಕಟ್ಟನ್ನು ಪುನಃ ಕಳುಹಿಸುವಂತೆ ಏಜೆಂಟರಿಗೆ ಬರೆದಿದ್ದೇವೆ. ಸೈಕಲಿನ ಹುಡುಗ ಈಗ ಆ ಊರಿನಲ್ಲಿಲ್ಲವಂತೆ; ಕ್ರಾಸಿನಿಂದ ಮುಂದೆ ಅದನ್ನು ಒಯ್ಯುವವರು ಯಾರೆಂಬುದು ಇನ್ನೂ ಗೊತ್ತಾಗಬೇಕಾಗಿದೆ.